ಹೆಡ್ ಪ್ರೆಶರ್ ಇಳಿಸುವ ಬಗೆ: ಅಮೋನಿಯಾ ಪ್ಲಾಂಟ್ ಪ್ರಶ್ನೋತ್ತರ

ಅಮೋನಿಯಾದಿಂದ ಕೋಣೆಗಳನ್ನು ತಣಿಸುವ ಪ್ಲಾಂಟುಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಡೆನ್ಸರ್ (ಕಂಪ್ರೆಸರ್ ಒತ್ತಿದ ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಭಾಗ) ಒತ್ತಡದ, ಅಂದರೆ ಹೆಡ್ ಪ್ರೆಶರಿನ, ಸುತ್ತಲೇ ಇದ್ದುದರಿಂದ ಅಂಕಣವನ್ನೆಲ್ಲ ಅದಕ್ಕೇ ಬಿಟ್ಟಿದ್ದೇವೆ. ಕೆಳಗಿನ ಒತ್ತಡಗಳೆಲ್ಲ ಗೇಜ್ ತೋರಿಸುವ ಬಾರ್ ಲೆಕ್ಕದವು, ಸಮುದ್ರಮಟ್ಟದವು. ಬೇರೆ ಲೆಕ್ಕ ಬಂದ ಕಡೆ ಅಲ್ಲಲ್ಲೇ ಹೇಳಿದ್ದೇವೆ. ತಾಪಮಾನಗಳೆಲ್ಲ ಸೆಲ್ಸಿಯಸ್.

ಪ್ರಶ್ನೆ: ನಮ್ಮ ಪ್ಲಾಂಟಿನಲ್ಲಿ ಹೆಡ್ ಪ್ರೆಶರ್ ವರ್ಷವಿಡೀ 12.5 ಬಾರ್. ರಾತ್ರಿ ತಂಪಾದಾಗ ಕಂಡೆನ್ಸರ್ ಫ್ಯಾನುಗಳು ತಾವಾಗಿಯೇ ನಿಲ್ಲುತ್ತವೆ, ಒತ್ತಡ ಮಾತ್ರ ಅಲ್ಲೇ ಇರುತ್ತದೆ. ಇಳಿಸಿದರೆ ಕರೆಂಟು ನಿಜವಾಗಿ ಉಳಿಯುತ್ತದೆಯೇ?

ಉತ್ತರ: ಉಳಿಯುತ್ತದೆ, ಚೆನ್ನಾಗಿಯೇ ಉಳಿಯುತ್ತದೆ. ಅಮೋನಿಯಾ 12.5 ಬಾರ್‌ನಲ್ಲಿ ದ್ರವವಾಗುವುದು 35 ಡಿಗ್ರಿಯಲ್ಲಿ. 10.7 ಬಾರ್‌ನಲ್ಲಾದರೆ 30 ಡಿಗ್ರಿ, 9 ಬಾರ್‌ನಲ್ಲಿ 25, 7.6 ಬಾರ್‌ನಲ್ಲಿ 20. ಈ ನಾಲ್ಕು ಜೋಡಿಗಳನ್ನು ಬರೆದು ಮೆಷಿನ್ ರೂಮಿನ ಗೋಡೆಗೆ ಅಂಟಿಸಿಕೊಳ್ಳಿ, ಮುಂದಿನ ಉತ್ತರಗಳಲ್ಲೂ ಬೇಕಾಗುತ್ತವೆ. ಕಂಡೆನ್ಸಿಂಗ್ ತಾಪಮಾನ ಒಂದು ಡಿಗ್ರಿ ಇಳಿದರೆ ಅದೇ ಲೋಡಿಗೆ ಕಂಪ್ರೆಸರ್ ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಶೇ. 2ರಿಂದ 3ರಷ್ಟು ಇಳಿಯುತ್ತದೆ. ಐದು ಡಿಗ್ರಿ ಇಳಿಸಿದವರಿಗೆ ಶೇ. 10ಕ್ಕೂ ಮೇಲೆ ಸಿಗುತ್ತದೆ.

ಒತ್ತಡವನ್ನು ಕಂಪ್ರೆಸರ್ ತೀರ್ಮಾನಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬಂದ ಶಾಖವನ್ನೆಲ್ಲ ಹೊರಗೆ ಕಳಿಸಲು ಕಂಡೆನ್ಸರ್ ಎಷ್ಟು ಬಿಸಿಯಾಗಬೇಕೋ ಅಷ್ಟಕ್ಕೆ ಒತ್ತಡ ಏರಿ ನಿಲ್ಲುತ್ತದೆ. ನೀರು ಸುರಿಸುವ ಇವಾಪರೇಟಿವ್ ಕಂಡೆನ್ಸರ್‌ನಲ್ಲಿ ಅದನ್ನು ನಿರ್ಧರಿಸುವುದು ಹೊರಗಿನ ವೆಟ್ ಬಲ್ಬ್ ತಾಪಮಾನ (ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರ್ ಗಾಳಿಯಲ್ಲಿ ತೋರಿಸುವುದು). 25 ಡಿಗ್ರಿ ವೆಟ್ ಬಲ್ಬ್‌ಗೆ 35 ಡಿಗ್ರಿ ಎಂದು ಆರಿಸಿದ ಕಂಡೆನ್ಸರ್, ರಾತ್ರಿ ವೆಟ್ ಬಲ್ಬ್ 18ಕ್ಕೆ ಬಂದಾಗ ಪೂರ್ಣ ಲೋಡಿನಲ್ಲೂ 30ರ ಆಸುಪಾಸಿಗೆ ಇಳಿಯಬಲ್ಲದು. 28 ಯಾಕಲ್ಲ ಎಂದರೆ, ಗಾಳಿ ತಂಪಾದಂತೆ ಅದು ಹೀರುವ ತೇವ ಕಡಿಮೆಯಾಗಿ ಅಂತರ ಸ್ವಲ್ಪ ಹಿಗ್ಗುತ್ತದೆ. ಅರ್ಧ ಲೋಡಿನಲ್ಲಿ 25ರ ಹತ್ತಿರ ಬರುತ್ತದೆ. ನಿಮ್ಮ ಪ್ಲಾಂಟು ಇದನ್ನೆಲ್ಲ ಬಿಟ್ಟುಕೊಟ್ಟು, ಪುಕ್ಕಟೆ ಸಿಗುವ ತಂಪಿನ ಹೊತ್ತಿನಲ್ಲೇ ಫ್ಯಾನ್ ನಿಲ್ಲಿಸಿ ಒತ್ತಡವನ್ನು ಎತ್ತಿ ಹಿಡಿಯುತ್ತಿದೆ. ಫ್ಯಾನ್ ಮೋಟರಿನಲ್ಲಿ ಉಳಿದದ್ದಕ್ಕಿಂತ ಎಷ್ಟೋ ಪಾಲು ಕಂಪ್ರೆಸರ್ ಮೋಟರಿನಲ್ಲಿ ಹೋಗುತ್ತದೆ.

ಪ್ರಶ್ನೆ: ಒತ್ತಡ ಮೊದಲಿಗಿಂತ 1 ಬಾರ್ ಹೆಚ್ಚಾಗಿದೆ. ಒಬ್ಬರು ಒಳಗೆ ಅಮೋನಿಯಾ ಜೊತೆ ಗಾಳಿ ಸೇರಿದೆ ಎನ್ನುತ್ತಾರೆ, ಇನ್ನೊಬ್ಬರು ಕಾಯಿಲ್ (ಕಂಡೆನ್ಸರ್ ಒಳಗಿನ ಪೈಪುಗಳ ಸುರುಳಿ) ಕೊಳೆ ಕಟ್ಟಿಕೊಂಡಿದೆ ಎನ್ನುತ್ತಾರೆ. ತಿಳಿಯುವುದು ಹೇಗೆ?

ಉತ್ತರ: ಒಂದು ಗಂಟೆಯ ಪರೀಕ್ಷೆಯಲ್ಲಿ ತಿಳಿಯುತ್ತದೆ. ಲೋಡ್ ಕಡಿಮೆ ಇರುವ ಹೊತ್ತು ನೋಡಿ ಕಂಪ್ರೆಸರ್ ನಿಲ್ಲಿಸಿ. ಕಂಡೆನ್ಸರ್‌ನಲ್ಲಿದ್ದ ದ್ರವ ರಿಸೀವರಿಗೆ (ದ್ರವ ಶೇಖರಿಸುವ ಟ್ಯಾಂಕಿಗೆ) ಇಳಿದು ಹೋಗಲು ಬಿಡಿ. ಆಮೇಲೆ ಗ್ಯಾಸ್ ಬರುವ ವಾಲ್ವ್, ದ್ರವ ಹೋಗುವ ವಾಲ್ವ್, ರಿಸೀವರಿನ ಒತ್ತಡವನ್ನು ಸಮ ಮಾಡುವ ಈಕ್ವಲೈಸರ್ ಲೈನಿನ ವಾಲ್ವ್ ಮೂರನ್ನೂ ಮುಚ್ಚಿ. ಸೇಫ್ಟಿ ವಾಲ್ವ್‌ನ ದಾರಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ದ್ರವ ತುಂಬಿದ ಪೈಪನ್ನು ಎರಡು ವಾಲ್ವ್‌ಗಳ ನಡುವೆ ಸಿಕ್ಕಿಸಲೂ ಬಾರದು, ಬಿಸಿಯಾದರೆ ದ್ರವ ಹಿಗ್ಗಿ ಪೈಪನ್ನೇ ಒಡೆಯುತ್ತದೆ. ಈಗ ಫ್ಯಾನ್ ನಿಲ್ಲಿಸಿ ನೀರಿನ ಪಂಪ್ ಮಾತ್ರ ಓಡಿಸಿ. ಬೇಸಿನ್ನಿನ ನೀರಿನ ತಾಪಮಾನ 15-20 ನಿಮಿಷ ಕದಲದೆ ನಿಂತರೆ ಒಳಗಿನ ಅಮೋನಿಯಾ ಕೂಡ ಅದೇ ತಾಪಮಾನಕ್ಕೆ ಬಂದಿದೆ ಎಂದರ್ಥ.

ನೀರು 28 ಡಿಗ್ರಿ ಇದೆ ಎನ್ನಿ. ಶುದ್ಧ ಅಮೋನಿಯಾ 28 ಡಿಗ್ರಿಯಲ್ಲಿ ಗೇಜಿನ ಮೇಲೆ 10 ಬಾರ್ ತೋರಿಸಬೇಕು. ನಿಮ್ಮ ಗೇಜ್ 11.2 ತೋರಿಸಿದರೆ ಆ ಹೆಚ್ಚಿನ 1.2 ಬಾರ್ ಗಾಳಿಯದು. 10ರಿಂದ 10.2ರೊಳಗೆ ಇದ್ದರೆ ಗಾಳಿಯ ಮಾತು ಬಿಡಿ. ಕೊಳೆ, ನೀರು, ಫ್ಯಾನ್, ದ್ರವ ನಿಂತಿರುವುದು, ಇವುಗಳ ಕಡೆ ಹೋಗಿ.

ಗೇಜಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 25 ಬಾರ್ ವ್ಯಾಪ್ತಿಯ, 1.6 ಕ್ಲಾಸಿನ ಸಾಮಾನ್ಯ ಗೇಜ್ ಹೊಸದಾಗಿದ್ದಾಗಲೇ 0.4 ಬಾರ್ ಅತ್ತಿತ್ತ ತೋರಿಸಬಹುದು. ಅಂದರೆ ಒಂದು ಡಿಗ್ರಿಗೂ ಹೆಚ್ಚು. ವರ್ಷಾನುಗಟ್ಟಲೆ ಕಂಪ್ರೆಸರಿನಿಂದ ಗ್ಯಾಸ್ ಹೊರಬರುವ ಡಿಸ್ಚಾರ್ಜ್ ಲೈನಿನ ನಡುಕ ತಿಂದ ಗೇಜನ್ನು ನಂಬಿ ತೀರ್ಮಾನ ಹೇಳಬೇಡಿ. ಪರೀಕ್ಷೆಗೆಂದೇ 0.6 ಕ್ಲಾಸಿನ, ಕ್ಯಾಲಿಬ್ರೇಟ್ ಆದ ಒಂದು ಗೇಜ್ ಬೀರುವಿನಲ್ಲಿರಲಿ. ಎತ್ತರದ ಊರಿನವರಿಗೂ ಒಂದು ತಿದ್ದುಪಡಿ: 900 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡವೇ 0.1 ಬಾರ್ ಕಡಿಮೆ, ಹಾಗಾಗಿ ಅದೇ ಅಮೋನಿಯಾಕ್ಕೆ ಗೇಜ್ 0.1 ಹೆಚ್ಚು ತೋರಿಸುತ್ತದೆ. ಅದನ್ನು ಗಾಳಿಯ ಲೆಕ್ಕಕ್ಕೆ ಸೇರಿಸಬೇಡಿ.

ಪ್ಲಾಂಟ್ ಓಡುತ್ತಿರುವಾಗಲೇ ದ್ರವ ಹೊರಬರುವ ಪೈಪಿನ ತಾಪಮಾನ ಅಳೆದು, ಒತ್ತಡದ ಜೊತೆ ಹೋಲಿಸಿ ಗಾಳಿ ಇದೆ ಎಂದು ಸಾರುವವರಿದ್ದಾರೆ. ಅದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಗಾಳಿ ಇದ್ದರೂ ಆ ಪೈಪು ಒತ್ತಡಕ್ಕೆ ತಕ್ಕ ತಾಪಮಾನಕ್ಕಿಂತ ತಣ್ಣಗಿರುತ್ತದೆ, ಕಾಯಿಲಿನ ತಳದಲ್ಲಿ ದ್ರವ ನಿಂತಿದ್ದರೂ ತಣ್ಣಗಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಮೇಲೆ ಹೇಳಿದ ಪರೀಕ್ಷೆ ಮತ್ತು ರಿಸೀವರಿನ ಲೆವೆಲ್. ದ್ರವ ಕಾಯಿಲಿನಲ್ಲಿ ನಿಂತಿದ್ದರೆ ರಿಸೀವರ್ ಬಡವಾಗಿರುತ್ತದೆ.

ಪ್ರಶ್ನೆ: ಗಾಳಿಯನ್ನು ಎಲ್ಲಿಂದ ತೆಗೆಯಬೇಕು? ನಾವು ಕಂಡೆನ್ಸರ್‌ನ ಮೇಲಿನ ಗ್ಯಾಸ್ ಹೆಡರಿನಿಂದ ಬಿಡುತ್ತೇವೆ. ಅಮೋನಿಯಾ ಮಾತ್ರ ಬರುತ್ತದೆ.

ಉತ್ತರ: ಅಲ್ಲಿಂದ ಬರುವುದು ಅಮೋನಿಯಾವೇ. ಬಿಸಿ ಗ್ಯಾಸ್ ರಭಸದಿಂದ ನುಗ್ಗುವ ಜಾಗದಲ್ಲಿ ಗಾಳಿ ನಿಲ್ಲುವುದಿಲ್ಲ. ಗ್ಯಾಸಿನ ಜೊತೆ ಕಾಯಿಲಿನುದ್ದಕ್ಕೂ ಹೋಗಿ, ಅಮೋನಿಯಾ ದ್ರವವಾಗಿ ಕಳಚಿಕೊಂಡ ಮೇಲೆ ಕೊನೆಯಲ್ಲಿ ಒಂಟಿಯಾಗಿ ಉಳಿಯುತ್ತದೆ. ಹಾಗಾಗಿ ಪರ್ಜ್ ಪಾಯಿಂಟ್ (ಗಾಳಿ ಹೊರಬಿಡುವ ಜಾಗ) ಇರಬೇಕಾದದ್ದು ದ್ರವ ಹೊರಬರುವ ತುದಿಯಲ್ಲಿ, ಕೆಳಗಿಳಿಯುವ ಪೈಪು ಶುರುವಾಗುವ ಮುಂಚೆ, ಪೈಪಿನ ಮೇಲ್ಭಾಗದಲ್ಲಿ. ಇನ್ನೊಂದು ಜಾಗ ರಿಸೀವರಿನ ನೆತ್ತಿ, ದ್ರವ ಒಳಬರುವ ಬಾಯಿಯಿಂದ ದೂರದ ತುದಿ.

ಒಂದು ಸಲಕ್ಕೆ ಒಂದೇ ಪಾಯಿಂಟ್ ತೆರೆಯಿರಿ. ಎರಡು ಕಂಡೆನ್ಸರ್‌ಗಳ ಹೊರತುದಿಯ ಒತ್ತಡ ಎಂದೂ ತಾಳೆಯಾಗುವುದಿಲ್ಲ. ಎರಡನ್ನೂ ಒಟ್ಟಿಗೆ ತೆರೆದರೆ ಹೆಚ್ಚು ಒತ್ತಡದ್ದು ಪರ್ಜ್ ಲೈನಿನ ಮೂಲಕ ಕಡಿಮೆ ಒತ್ತಡದ್ದಕ್ಕೆ ನುಗ್ಗುತ್ತದೆ, ಕಡಿಮೆ ಒತ್ತಡದ ಕಾಯಿಲಿನ ಗಾಳಿ ಅಲ್ಲೇ ಬೇರೂರುತ್ತದೆ. ಆಟೋಮ್ಯಾಟಿಕ್ ಪರ್ಜರ್ ಇದ್ದಲ್ಲಿ ಪ್ರತಿ ಪಾಯಿಂಟಿಗೂ ಒಂದೊಂದು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇಟ್ಟು ಸರದಿಯಂತೆ ತೆರೆಸುವುದು ಇದಕ್ಕೇ.

ಕೈಯಿಂದ ಪರ್ಜ್ ಮಾಡುವಾಗ ಹೋಸಿನ ತುದಿಯನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಗಾಳಿಯ ಗುಳ್ಳೆ ಮೇಲಕ್ಕೆ ಬಂದು ಒಡೆಯುತ್ತದೆ. ಅಮೋನಿಯಾ ಗುಳ್ಳೆ ಹೋಸಿನ ಬಾಯಿ ದಾಟುವಷ್ಟರಲ್ಲೇ ಚಟಪಟ ಸದ್ದು ಮಾಡಿ ಮಾಯವಾಗುತ್ತದೆ. ಗುಳ್ಳೆ ಮೇಲೆ ಬರುವುದು ನಿಂತು ಚಟಪಟ ಮಾತ್ರ ಉಳಿದಾಗ ವಾಲ್ವ್ ಮುಚ್ಚಿ. ಮುಚ್ಚಿದ ಕೂಡಲೇ ಹೋಸನ್ನು ನೀರಿನಿಂದ ಎತ್ತಬೇಕು. ಒಳಗೆ ಉಳಿದ ಅಮೋನಿಯಾ ನೀರಿನಲ್ಲಿ ಕರಗಿದಂತೆ ನೀರು ಹೋಸಿನೊಳಗೆ ಏರಿ ವಾಲ್ವಿನವರೆಗೂ ಬರುತ್ತದೆ. ಲೈನಿನಲ್ಲಿ ಚೆಕ್ ವಾಲ್ವ್ ಇರಲಿ. ಈ ಕೆಲಸಕ್ಕೆ ಇಬ್ಬರು ಬೇಕು. ಮುಖ ಪೂರ್ತಿ ಮುಚ್ಚುವ ಅಮೋನಿಯಾ ಮಾಸ್ಕ್ ಹಾಕಿರಬೇಕು, ಗಾಳಿಗೆ ಬೆನ್ನು ಕೊಟ್ಟು ನಿಂತಿರಬೇಕು, ಕೈಗೆಟಕುವಷ್ಟರಲ್ಲಿ ನೀರಿನ ಶವರ್ ಇರಬೇಕು. ಗಾಳಿಯಲ್ಲಿ 300 ಪಿಪಿಎಂ ಅಮೋನಿಯಾ ಜೀವಕ್ಕೇ ಅಪಾಯ ಎಂದು ಗುರುತಿಸಿದ ಮಟ್ಟ. ಅಮೋನಿಯಾ ತುಂಬಿದ ಆ ನೀರನ್ನು ಚರಂಡಿಗೆ ಸುರಿಯುವಂತಿಲ್ಲ.

ಪದೇ ಪದೇ ಗಾಳಿ ತುಂಬುತ್ತಿದ್ದರೆ ಪರ್ಜರಿಗೆ ಶಹಬ್ಬಾಸ್ ಹೇಳುವ ಬದಲು ತೂತು ಹುಡುಕಿ. ಅಮೋನಿಯಾ −33 ಡಿಗ್ರಿಗಿಂತ ಕೆಳಗೆ ಕುದಿಯುವ ಪ್ಲಾಂಟಿನಲ್ಲಿ ಸಕ್ಷನ್ ಭಾಗ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ) ನಿರ್ವಾತದಲ್ಲಿರುತ್ತದೆ. −40ರಲ್ಲಿ ನಿರಪೇಕ್ಷ ಒತ್ತಡ 0.72 ಬಾರ್ ಮಾತ್ರ. ಅಲ್ಲಿ ಲೀಕ್ ಆದರೆ ವಾಸನೆ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ವಾಲ್ವ್ ಸ್ಟೆಮ್ ಪ್ಯಾಕಿಂಗ್, ಬೂಸ್ಟರ್ (ಕಡಿಮೆ ಒತ್ತಡದ ಮೊದಲ ಹಂತದ) ಕಂಪ್ರೆಸರಿನ ಶಾಫ್ಟ್ ಸೀಲ್, ಫ್ಲೇಂಜ್‌ಗಳನ್ನು ನೋಡಿ. ಗಾಳಿಯ ಜೊತೆ ತೇವವೂ ಬರುತ್ತದೆ. ಗಾಳಿ ಪರ್ಜರಿನಲ್ಲಿ ಹೊರಹೋದರೂ ನೀರು ಅಮೋನಿಯಾದಲ್ಲಿ ಕರಗಿ ತಂಪಿನ ಕಡೆಯ ವೆಸೆಲಿನಲ್ಲಿ ಉಳಿದು, ಅಲ್ಲಿನ ಕುದಿಯುವ ತಾಪಮಾನವನ್ನು ಏರಿಸುತ್ತದೆ. ಒಂದೇ ತೂತಿಗೆ ಎರಡೂ ಕಡೆ ದಂಡ.

ಪ್ರಶ್ನೆ: ಒತ್ತಡ ಮಿತಿ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಕಟ್‌ಔಟ್ ಮಧ್ಯಾಹ್ನ ಬೀಳುತ್ತದೆ. ಸೆಟ್ಟಿಂಗ್ ಸ್ವಲ್ಪ ಏರಿಸಬಹುದೇ?

ಉತ್ತರ: ಬೇಡ. ಮೇಲಿನ ಪರೀಕ್ಷೆ ಮಾಡಿ, ಕೆಳಗಿನ ಎರಡು ಉತ್ತರ ಓದಿ.

ಪ್ರಶ್ನೆ: ಎರಡು ಇವಾಪರೇಟಿವ್ ಕಂಡೆನ್ಸರ್‌ಗಳು ಪ್ಯಾರಲಲ್ ಆಗಿವೆ. ಸಣ್ಣದರ ಫ್ಯಾನ್ ನಿಲ್ಲಿಸಿದ ಕೂಡಲೇ ದೊಡ್ಡದೂ ಕೆಲಸ ಮಾಡುವುದಿಲ್ಲ, ಅದರ ಕೆಳಗಿನ ಸಾಲುಗಳು ಮುಟ್ಟಿದರೆ ತಣ್ಣಗೆ. ಒತ್ತಡ ಜಿಗಿಯುತ್ತದೆ. ಗಾಳಿ ಇಲ್ಲ ಎಂದು ಖಚಿತ ಮಾಡಿಕೊಂಡಿದ್ದೇವೆ.

ಉತ್ತರ: ತಣ್ಣಗಿರುವ ಸಾಲುಗಳಲ್ಲಿ ದ್ರವ ನಿಂತಿದೆ. ದ್ರವ ತುಂಬಿದ ಪೈಪು ಗ್ಯಾಸನ್ನು ತಣಿಸುವುದಿಲ್ಲ, ಇದ್ದ ದ್ರವವನ್ನೇ ಇನ್ನಷ್ಟು ತಣಿಸುತ್ತಾ ಕೂತಿರುತ್ತದೆ. ಕಂಡೆನ್ಸರ್ ಅಷ್ಟು ಚಿಕ್ಕದಾದಂತೆಯೇ ಲೆಕ್ಕ.

ಓಡುತ್ತಿರುವ ಕಾಯಿಲಿನಲ್ಲಿ ಗ್ಯಾಸ್ ಹರಿಯುವುದರಿಂದ ಒಳಬಾಯಿಗಿಂತ ಹೊರಬಾಯಿಯಲ್ಲಿ ಒತ್ತಡ ಸ್ವಲ್ಪ ಕಡಿಮೆ. ಫ್ಯಾನ್ ನಿಂತ ಕಾಯಿಲಿನಲ್ಲಿ ಹರಿವೇ ಇಲ್ಲದಷ್ಟು ಕಡಿಮೆ, ಹಾಗಾಗಿ ಅದರ ಹೊರಬಾಯಿಯಲ್ಲಿ ಹೆಡರಿನ ಪೂರ್ತಿ ಒತ್ತಡವೇ ಇರುತ್ತದೆ. ಎರಡರ ದ್ರವ ಪೈಪುಗಳು ಕೆಳಗೆ ಸೇರುವ ಕಡೆ ಈ ಪೂರ್ತಿ ಒತ್ತಡ ಬಂದು, ಓಡುತ್ತಿರುವ ಕಾಯಿಲಿನ ದ್ರವವನ್ನು ಹಿಂದಕ್ಕೆ ಒತ್ತುತ್ತದೆ. ದ್ರವ ಅಮೋನಿಯಾ 30 ಡಿಗ್ರಿಯಲ್ಲಿ ಘನಮೀಟರಿಗೆ ಸುಮಾರು 595 ಕಿಲೋ ಮಾತ್ರ, ನೀರಿಗಿಂತ ಬಲು ಹಗುರ. 0.07 ಬಾರ್‌ನಷ್ಟು ಪುಟ್ಟ ವ್ಯತ್ಯಾಸವನ್ನು ಸರಿದೂಗಿಸಲು 1.2 ಮೀಟರ್ ಎತ್ತರದ ದ್ರವ ನಿಲ್ಲಬೇಕು. ಆ ಎತ್ತರ ಪೈಪಿನಲ್ಲಿ ಸಿಗದಿದ್ದರೆ ಕಾಯಿಲಿನಲ್ಲೇ ನಿಲ್ಲುತ್ತದೆ.

ಮದ್ದು ಪೈಪಿಂಗಿನಲ್ಲಿದೆ. ಪ್ರತಿ ಕಾಯಿಲಿನ ಪ್ರತಿ ಹೊರಬಾಯಿಗೂ ಬೇರೆಯೇ ಆದ ನೇರ ಇಳಿಪೈಪು, ಅದರ ಬುಡದಲ್ಲಿ ದ್ರವ ನಿಲ್ಲುವ ಪಿ-ಟ್ರ್ಯಾಪ್ (ಬಾಗಿದ ಪೈಪು), ಆಮೇಲಷ್ಟೇ ಎಲ್ಲ ಸೇರುವ ಹೆಡರ್. ಇಳಿಪೈಪಿನ ಎತ್ತರ ಸಾಮಾನ್ಯವಾಗಿ 1.5ರಿಂದ 2.5 ಮೀಟರ್, ಒಳಬಾಯಿಯ ವಾಲ್ವ್ ಕಿರಿದಾಗಿದ್ದು ಒತ್ತಡ ಹೆಚ್ಚು ನುಂಗುತ್ತಿದ್ದರೆ ಇನ್ನೂ ಬೇಕು. ಒಂದು ನಿಂತು ಇನ್ನೊಂದು ಪೂರ್ಣ ಓಡುವ ಕೆಟ್ಟ ಸ್ಥಿತಿಗೆ ಲೆಕ್ಕ ಹಾಕಿ, ಎರಡೂ ಓಡುವ ಸುಲಭ ಸ್ಥಿತಿಗಲ್ಲ. ರಿಸೀವರಿನ ನೆತ್ತಿಯಿಂದ ಈಕ್ವಲೈಸರ್ ಲೈನು ಡಿಸ್ಚಾರ್ಜ್ ಹೆಡರಿಗೆ ಹೋಗಬೇಕು. ಅದನ್ನು ಕಂಡೆನ್ಸರ್‌ನ ಹೊರಬಾಯಿಗೆ ಕೂಡಿಸಿದ ಪ್ಲಾಂಟುಗಳೂ ಇವೆ. ಅಲ್ಲಿ ಟ್ರ್ಯಾಪ್ ಇದ್ದೂ ಇಲ್ಲದಂತೆ, ಆ ಲೈನೇ ಒತ್ತಡವನ್ನು ಅಡ್ಡದಾರಿಯಲ್ಲಿ ತಂದುಬಿಡುತ್ತದೆ.

ಪೈಪಿಂಗ್ ಬದಲಿಸುವವರೆಗೆ ಏನು ಮಾಡುವುದು? ಒಂದರ ಫ್ಯಾನ್ ನಿಲ್ಲಿಸುವ ಬದಲು ಎರಡರದ್ದೂ ವೇಗ ಸಮನಾಗಿ ಇಳಿಸಿ. ಪೂರ್ತಿ ನಿಲ್ಲಿಸಲೇಬೇಕಾದರೆ ಅದರ ದ್ರವವನ್ನು ಖಾಲಿ ಮಾಡಿ ಹೊರಬಾಯಿಯ ವಾಲ್ವ್ ಮುಚ್ಚಿ, ಸೇಫ್ಟಿ ವಾಲ್ವ್‌ನ ಮಾತು ಇಲ್ಲೂ ಅದೇ.

ಪ್ರಶ್ನೆ: ಕಾಯಿಲಿನ ಮೇಲೆ ಬಿಳಿ ಪೊರೆ ಕಟ್ಟಿದೆ. ಆ್ಯಸಿಡ್ ಹಾಕಿ ತೊಳೆದರೆ ಆಗುವುದಿಲ್ಲವೇ?

ಉತ್ತರ: ಮೊದಲು ಪೊರೆ ಎಲ್ಲಿ ಕಟ್ಟಿದೆ ನೋಡಿ. ಪಂಪ್ ಓಡುತ್ತಿರುವಾಗ ಟಾರ್ಚ್ ಹಿಡಿದು ನಾಝಲುಗಳನ್ನು ಒಂದೊಂದಾಗಿ ಗಮನಿಸಿ. ಕಟ್ಟಿಕೊಂಡ ನಾಝಲಿನ ಕೆಳಗೆ ಪೈಪು ಒಮ್ಮೆ ಒದ್ದೆ ಒಮ್ಮೆ ಒಣ. ಒಣಗಿದಾಗಲೆಲ್ಲ ಒಂದು ಪದರ ಸುಣ್ಣ. ಪೊರೆ ಅಲ್ಲಲ್ಲಿ ಪಟ್ಟಿಯಾಗಿದ್ದರೆ ತಪ್ಪು ನಾಝಲಿನದು, ಎಲ್ಲೆಡೆ ಒಂದೇ ಸಮ ಇದ್ದರೆ ತಪ್ಪು, ಉಪ್ಪು ಕೂಡಿದ ಬೇಸಿನ್ನಿನ ನೀರನ್ನು ಹೊರಚೆಲ್ಲುವ ಬ್ಲೀಡ್‌ನದು. ಒಂದು ಮಿಲಿಮೀಟರಿಗೂ ತೆಳುವಾದ ಪೊರೆ ಕಂಡೆನ್ಸರ್ ಸಾಮರ್ಥ್ಯದ ಕಾಲು ಭಾಗವನ್ನು ತಿಂದುಹಾಕಬಲ್ಲದು.

ಬ್ಲೀಡ್ ಲೆಕ್ಕ ಸುಲಭ. ಕಂಡೆನ್ಸರ್ 1000 ಕಿಲೋವಾಟ್ ಶಾಖ ಹೊರಹಾಕುತ್ತಿದ್ದರೆ ಗಂಟೆಗೆ ಸುಮಾರು 1.5 ಘನಮೀಟರ್ ನೀರು ಆವಿಯಾಗುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಬೇಸಿನ್ನಿನ ನೀರು ಹೊಸ ನೀರಿಗಿಂತ 4 ಪಟ್ಟು ಗಟ್ಟಿಯಾಗಲಿ, ಅದಕ್ಕಿಂತ ಬೇಡ ಎಂದಾದರೆ, ಆವಿಯಾದ ಪ್ರಮಾಣವನ್ನು 4ರಲ್ಲಿ ಒಂದು ಕಳೆದು ಬಂದ 3ರಿಂದ ಭಾಗಿಸಿ: ಗಂಟೆಗೆ 0.5 ಘನಮೀಟರ್ ಚೆಲ್ಲಬೇಕು. ನೀರು ಉಳಿಸುತ್ತೇವೆಂದು ಬ್ಲೀಡ್ ವಾಲ್ವ್ ಮುಚ್ಚಿಟ್ಟವರು ಆ ನೀರಿನ ಹಲವು ಪಟ್ಟನ್ನು ಕರೆಂಟಿನಲ್ಲಿ ಕಟ್ಟುತ್ತಾರೆ. ಎಷ್ಟು ಪಟ್ಟು ಎಂಬುದನ್ನು ನಿಮ್ಮ ನೀರಿನ ಗಡಸುತನ ನೋಡಿ ನೀರು ಶುದ್ಧೀಕರಣದವರು ಹೇಳಬೇಕು.

ಆ್ಯಸಿಡ್ ವಿಷಯ: ಗ್ಯಾಲ್ವನೈಸ್ ಮಾಡಿದ ಪೈಪಿಗೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಸುರಿದರೆ ಸುಣ್ಣದ ಜೊತೆ ಸತುವೂ ಹೋಗುತ್ತದೆ. ಪೈಪು ಫಳಫಳ ಎನ್ನುತ್ತದೆ, ಆಮೇಲೆ ತುಕ್ಕು ಹಿಡಿದು ತೂತಾಗುತ್ತದೆ. ಗ್ಯಾಲ್ವನೈಸ್‌ಗೆ ಹೊಂದುವ, ಇನ್ಹಿಬಿಟರ್ (ಲೋಹ ಸವೆಯದಂತೆ ತಡೆಯುವ ರಾಸಾಯನಿಕ) ಸೇರಿದ ದ್ರಾವಣದಿಂದ ನಿಧಾನವಾಗಿ ಕರಗಿಸಿ, ಪಿಎಚ್ ನೋಡುತ್ತಾ ಇರಿ. ದಪ್ಪ ಪೊರೆಯಾದರೆ ನೀರಿನ ರಸಾಯನವನ್ನು ಸರಿಪಡಿಸಿ ಕೆಲವು ತಿಂಗಳಲ್ಲಿ ತಾನಾಗಿ ಕಳಚಲು ಬಿಡುವುದೂ ಒಂದು ದಾರಿ. ನನ್ನ ಮಟ್ಟಿಗೆ ಅದೇ ವಾಸಿ. ಹೊಸ ಗ್ಯಾಲ್ವನೈಸ್ಡ್ ಕಾಯಿಲ್ ಹಾಕಿಸಿದವರು ಮೊದಲ ಆರರಿಂದ ಎಂಟು ವಾರ ನೀರಿನ ಪಿಎಚ್ 7ರಿಂದ 8ರೊಳಗೆ ಇಡಬೇಕು, ಇಲ್ಲವಾದರೆ ಮೇಣದಂಥ ಬಿಳಿ ತುಕ್ಕು ಹುಟ್ಟುತ್ತದೆ. ಅದನ್ನು ಸುಣ್ಣ ಎಂದು ತಿಳಿದು ಆ್ಯಸಿಡ್ ಹಾಕಿದರೆ ಮುಗಿಯಿತು ಕಥೆ.

ಕಾಯಿಲ್ ಸ್ವಚ್ಛವಿದ್ದೂ ಒತ್ತಡ ಇಳಿಯದಿದ್ದರೆ ಫ್ಯಾನ್ ತಿರುಗುವ ದಿಕ್ಕನ್ನು ನೋಡಿ. ಮೋಟರ್ ರಿಪೇರಿಯಾಗಿ ಬಂದಾಗ ಎರಡು ಫೇಸ್ ಅದಲುಬದಲಾದರೆ ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಅದೇ ಕಡೆಗೆ ಬರುತ್ತದೆ, ಆದರೆ ಬಹಳ ಕಡಿಮೆ. ಕೈ ಒಡ್ಡಿ ನೋಡಿದವರಿಗೆ ಗಾಳಿ ಬರುತ್ತಿದೆ ಎಂದೇ ಅನ್ನಿಸುತ್ತದೆ. ಬೆಲ್ಟ್ ಸಡಿಲ, ನೀರಿನ ಹನಿ ಹಾರಿಹೋಗದಂತೆ ತಡೆಯುವ ಡ್ರಿಫ್ಟ್ ಎಲಿಮಿನೇಟರ್ ಜಾಗ ತಪ್ಪಿದ್ದು, ಪಕ್ಕದ ಗೋಡೆ ಕಂಡೆನ್ಸರ್‌ಗಿಂತ ಎತ್ತರವಿದ್ದು ಬಿಸಿ ಗಾಳಿ ಮತ್ತೆ ಒಳಗೇ ತಿರುಗುವುದು, ಇವೂ ಪಟ್ಟಿಯಲ್ಲಿರಲಿ.

ಪ್ರಶ್ನೆ: ಒತ್ತಡವನ್ನು 12.5ರಿಂದ 8 ಬಾರ್‌ಗೆ ಇಳಿಸಿದ ವಾರದಲ್ಲೇ ಮೇಲಿನ ಅಂತಸ್ತಿನ ಕೋಣೆಗಳು ತಣ್ಣಗಾಗುತ್ತಿಲ್ಲ, ಡಿಫ್ರಾಸ್ಟ್ (ಬಿಸಿ ಗ್ಯಾಸಿನಿಂದ ಕಾಯಿಲಿನ ಮಂಜು ಕರಗಿಸುವುದು) ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನ ಒತ್ತಡಕ್ಕೇ ವಾಪಸ್ ಹೋಗೋಣವೇ?

ಉತ್ತರ: ಒಂದು ಪೈಪಿನ ಅಡಚಣೆಗೆ ಇಡೀ ಪ್ಲಾಂಟಿನ ಒತ್ತಡ ಏರಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ತಾತ್ಕಾಲಿಕವಾಗಿ 9.5ಕ್ಕೆ ಏರಿಸಿಕೊಂಡು ಅಡಚಣೆ ಹುಡುಕಿ.

ಎಕ್ಸ್‌ಪಾನ್ಷನ್ ವಾಲ್ವ್ (ದ್ರವದ ಒತ್ತಡ ಇಳಿಸಿ ಒಳಬಿಡುವ ವಾಲ್ವ್) ಮೊದಲು. ಕೋಣೆ ತಣಿಸುವ ಇವಾಪರೇಟರ್ −10 ಡಿಗ್ರಿಯಲ್ಲಿದ್ದರೆ ಅಲ್ಲಿನ ಒತ್ತಡ 1.9 ಬಾರ್. ಮೊದಲು ವಾಲ್ವಿನ ಎರಡು ಬದಿಯ ವ್ಯತ್ಯಾಸ 10.6 ಇತ್ತು, ಈಗ 6.1. ಹರಿವು ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ ಅದೇ ತೆರವಿನಲ್ಲಿ ಈಗ ಹೋಗುವುದು ಮೊದಲಿನ ಶೇ. 76. ಅತ್ತ ದ್ರವ ತಣ್ಣಗಿದೆ, ವಾಲ್ವಿನಲ್ಲಿ ಆವಿಯಾಗಿ ವ್ಯರ್ಥವಾಗುವುದು ಕಡಿಮೆ, ಹಾಗಾಗಿ ಬೇಕಾದ ದ್ರವವೂ ಶೇ. 6ರಷ್ಟು ಕಡಿಮೆ. ಎರಡೂ ಸೇರಿಸಿದರೆ ವಾಲ್ವ್ ಸುಮಾರು ಕಾಲು ಭಾಗ ಹೆಚ್ಚು ತೆರೆಯಬೇಕು. ಕೈ ವಾಲ್ವಿನ ಮುಂದೆ ಲೆವೆಲ್ ನೋಡಿ ತೆರೆಯುವ ಸೊಲೆನಾಯ್ಡ್ ಇದ್ದರೆ ಧೈರ್ಯವಾಗಿ ತಿರುಗಿಸಿ, ಹಗಲು ಒತ್ತಡ ಏರಿದಾಗ ಸೊಲೆನಾಯ್ಡ್ ಹೆಚ್ಚು ಹೊತ್ತು ಮುಚ್ಚಿರುತ್ತದೆ ಅಷ್ಟೇ. ಸೊಲೆನಾಯ್ಡ್ ಸದಾ ತೆರೆದೇ ಇದ್ದೂ ಲೆವೆಲ್ ಇಳಿಯುತ್ತಿದ್ದರೆ ವಾಲ್ವ್ ಸಾಲದು, ಅಥವಾ ಕಸ ಸೋಸುವ ಸ್ಟ್ರೇನರ್ ಕಟ್ಟಿದೆ. ಸ್ಟ್ರೇನರನ್ನೇ ಮೊದಲು ಬಿಚ್ಚಿ, ಬಹಳ ಸಲ ಕಥೆ ಅಲ್ಲೇ ಮುಗಿಯುತ್ತದೆ.

ಮೇಲಿನ ಅಂತಸ್ತಿಗೆ ಬೇರೆ ತೊಂದರೆ. ದ್ರವ 12 ಮೀಟರ್ ಏರುವಷ್ಟರಲ್ಲಿ 0.7 ಬಾರ್ ಕಳೆದುಕೊಳ್ಳುತ್ತದೆ. 8 ಬಾರ್‌ನಲ್ಲಿ ದ್ರವ 21.5 ಡಿಗ್ರಿ; ಮೇಲೆ ತಲುಪಿದಾಗಿನ ಒತ್ತಡಕ್ಕೆ ತಕ್ಕ ತಾಪಮಾನ 19. ದ್ರವ ಕಂಡೆನ್ಸಿಂಗ್ ತಾಪಮಾನಕ್ಕಿಂತ ಎರಡೂವರೆ ಡಿಗ್ರಿ ತಣ್ಣಗಿರದಿದ್ದರೆ, ಅಂದರೆ ಅಷ್ಟು ಸಬ್‌ಕೂಲಿಂಗ್ ಇಲ್ಲದಿದ್ದರೆ ಪೈಪಿನಲ್ಲೇ ಗುಳ್ಳೆ ಏಳುತ್ತದೆ, ಗುಳ್ಳೆ ಬೆರೆತ ದ್ರವ ವಾಲ್ವಿನಲ್ಲಿ ಸರಿಯಾಗಿ ಹೋಗದು. ಇದರ ಜೊತೆ ಹಿಂದೆ ಇರದ ಒಂದು ಸಂಗತಿ ಸೇರಿಕೊಂಡಿದೆ. 35 ಡಿಗ್ರಿಯ ದ್ರವ ಮೆಷಿನ್ ರೂಮಿನ ಗಾಳಿಗೆ ಶಾಖ ಕೊಡುತ್ತಿತ್ತು. 21 ಡಿಗ್ರಿಯದು ಅದೇ ಗಾಳಿಯಿಂದ ಶಾಖ ಪಡೆಯುತ್ತದೆ. ಬರಿಮೈ ಲಿಕ್ವಿಡ್ ಲೈನಿಗೆ ಈಗ ಇನ್ಸುಲೇಷನ್ ಬೇಕು. ರಿಸೀವರ್ ಬಿಸಿ ಕೋಣೆಯಲ್ಲಿದ್ದರೆ ಅದರೊಳಗೂ ಆವಿ ಎದ್ದು ಕಂಡೆನ್ಸರ್‌ನಿಂದ ದ್ರವ ಇಳಿಯುವುದನ್ನು ತಡೆಯುತ್ತದೆ. ಈಕ್ವಲೈಸರ್ ಲೈನು ಮುಚ್ಚಿಲ್ಲವೇ, ಕಿರಿದಾಗಿಲ್ಲವೇ ನೋಡಿ.

ಡಿಫ್ರಾಸ್ಟ್ ಬಗ್ಗೆ ನಂಬಿಕೆಯೊಂದು ಬಲವಾಗಿ ಕೂತಿದೆ: ಹೆಚ್ಚು ಒತ್ತಡದ ಗ್ಯಾಸ್ ಹೆಚ್ಚು ಮಂಜು ಕರಗಿಸುತ್ತದೆ ಎಂದು. ಮಂಜು ಕರಗಿಸುವುದು ಗ್ಯಾಸ್ ದ್ರವವಾಗುವಾಗ ಬಿಡುವ ಶಾಖ. ಆ ಶಾಖ 35 ಡಿಗ್ರಿಯಲ್ಲಿ ಕಿಲೋಗೆ ಸುಮಾರು 1120 ಕಿಲೋಜೂಲ್, 20 ಡಿಗ್ರಿಯಲ್ಲಿ 1186. ಒತ್ತಡ ಇಳಿದಾಗ ಹೆಚ್ಚೇ. ಕಾಯಿಲಿನ ಹೊರದಾರಿಯ ರೆಗ್ಯುಲೇಟರ್ 5.5 ಬಾರ್‌ಗೆ ಇಟ್ಟಿದ್ದರೆ ಕಾಯಿಲ್ ಒಳಗೆ 12 ಡಿಗ್ರಿ, ಮಂಜಿಗೆ ಅಷ್ಟು ಸಾಕು. ಹೆಡರಿನಲ್ಲಿ 7ರಿಂದ 8 ಬಾರ್ ಇದ್ದರೆ ಪೈಪು ಸರಿಯಿರುವ ಪ್ಲಾಂಟಿನಲ್ಲಿ ನಡೆಯುತ್ತದೆ. ನಿಮ್ಮಲ್ಲಿ ನಡೆಯುತ್ತಿಲ್ಲವೆಂದರೆ ಹಾಟ್ ಗ್ಯಾಸ್ ಲೈನಿನಲ್ಲಿ ದ್ರವ ನಿಂತಿರುವ ಸಾಧ್ಯತೆ ಹೆಚ್ಚು. ತಗ್ಗಿನ ಜಾಗಗಳಲ್ಲಿ ಡ್ರೈನರ್ ಹಾಕಿ, ಲೈನಿಗೆ ಇನ್ಸುಲೇಷನ್ ಕೊಡಿ. ನಿಂತ ದ್ರವದ ಮೇಲೆ ಗ್ಯಾಸ್ ವಾಲ್ವ್ ಥಟ್ಟನೆ ತೆರೆದರೆ ದ್ರವ ಗುಂಡಿನಂತೆ ಹೋಗಿ ಎಂಡ್ ಕ್ಯಾಪ್ ಅಥವಾ ವಾಲ್ವ್ ಒಡೆದ ಅಪಘಾತಗಳು ಈ ಉದ್ಯಮದಲ್ಲಿ ಆಗಿವೆ. ಆದ್ದರಿಂದ ನಿಧಾನಕ್ಕೆ ತೆರೆಯುವ ವಾಲ್ವ್ ಇರಲಿ. ಇನ್ನೊಂದು, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಾಯಿಲುಗಳನ್ನು ಒಟ್ಟಿಗೆ ಡಿಫ್ರಾಸ್ಟಿಗೆ ಹಾಕಬೇಡಿ. ಉಳಿದವು ತಣಿಸುತ್ತಿದ್ದರೆ ತಾನೇ ಗ್ಯಾಸ್ ಹುಟ್ಟುವುದು.

ಪ್ರಶ್ನೆ: ಸ್ಕ್ರೂ ಕಂಪ್ರೆಸರ್‌ಗೆ ಕಡಿಮೆ ಹೆಡ್ ಪ್ರೆಶರ್ ಒಳ್ಳೆಯದಲ್ಲ ಎನ್ನುತ್ತಾರೆ. ಹೌದೇ?

ಉತ್ತರ: ಕಂಪ್ರೆಸರ್‌ಗೆ ಏನೂ ಆಗದು, ಅದರ ಎಣ್ಣೆಯ ವ್ಯವಸ್ಥೆಗೆ ಆಗಬಹುದು. ಆಯಿಲ್ ಪಂಪ್ ಇಲ್ಲದ ಯಂತ್ರದಲ್ಲಿ ಬೇರಿಂಗಿಗೆ ಎಣ್ಣೆ ತಳ್ಳುವುದು ಡಿಸ್ಚಾರ್ಜ್ ಮತ್ತು ಸಕ್ಷನ್ ನಡುವಿನ ವ್ಯತ್ಯಾಸವೇ. ತಯಾರಕರು ಹೇಳಿದ ಕನಿಷ್ಠ ವ್ಯತ್ಯಾಸಕ್ಕಿಂತ ಕೆಳಗೆ ಹೋಗಬೇಡಿ, ಅಥವಾ ಪಂಪ್ ಹಾಕಿಸಿ. ದ್ರವ ಇಂಜೆಕ್ಷನ್‌ನಿಂದ ಎಣ್ಣೆ ತಣಿಸುವ ಯಂತ್ರದಲ್ಲಿ ಆ ವಾಲ್ವಿಗೂ ವ್ಯತ್ಯಾಸ ಬೇಕು. ದ್ರವ ತಾನಾಗಿ ಸುತ್ತಿ ಎಣ್ಣೆ ತಣಿಸುವ ಥರ್ಮೋಸೈಫನ್‌ಗೆ ಈ ಗೋಳಿಲ್ಲ. ಒತ್ತಡ ಇಳಿದಾಗ ಗ್ಯಾಸ್ ತೆಳುವಾಗಿ ಎಣ್ಣೆ ಬೇರ್ಪಡಿಸುವ ಸೆಪರೇಟರಿನಲ್ಲಿ ವೇಗ ಏರುತ್ತದೆ, ಎಣ್ಣೆ ಹೆಚ್ಚು ಹಾರಿಹೋಗುತ್ತದೆ. ಹಾಗಾಗಿ ಎಣ್ಣೆಯ ಲೆವೆಲ್ ದಿನವೂ ಬರೆದಿಡಿ.

ಉಳಿತಾಯ ಲೆಕ್ಕಕ್ಕಿಂತ ಕಡಿಮೆ ಬಂದರೆ ವಾಲ್ಯೂಮ್ ರೇಷಿಯೋ (ಯಂತ್ರ ಗ್ಯಾಸಿನ ಗಾತ್ರವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದು) ನೋಡಿ. −10 ಮತ್ತು 35 ಡಿಗ್ರಿ ನಡುವೆ ಓಡುವಾಗ ಸುಮಾರು 3.3 ಬೇಕು, −10 ಮತ್ತು 20 ನಡುವೆ 2.3 ಸಾಕು. 3.6ಕ್ಕೆ ಬಿಗಿದಿಟ್ಟ ಯಂತ್ರ ಗ್ಯಾಸನ್ನು ಬೇಕಿಲ್ಲದ ಒತ್ತಡಕ್ಕೆ ಒತ್ತಿ ಆಮೇಲೆ ಬಿಡುತ್ತದೆ, ಇಳಿಸಿದ ಲಾಭದಲ್ಲಿ ಒಂದು ಪಾಲು ಅಲ್ಲೇ ಸೋರುತ್ತದೆ. ಹೊಂದಿಸಬಲ್ಲ ಯಂತ್ರವಾದರೆ ಹೊಂದಿಸಿ.

ಪ್ರಶ್ನೆ: ಕಂಡೆನ್ಸರ್‌ನ ಪಂಪ್ ಮತ್ತು ಫ್ಯಾನ್, ಮೊದಲು ಯಾವುದನ್ನು ನಿಲ್ಲಿಸಬೇಕು? ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಹಾಕಿದರೆ ಲಾಭವಿದೆಯೇ?

ಉತ್ತರ: ಪಂಪನ್ನು ಆಗಾಗ ನಿಲ್ಲಿಸಬೇಡಿ, ಬಿಸಿ ಪೈಪು ಒಣಗಿದಷ್ಟು ಸಲ ಸುಣ್ಣ ಕೂರುತ್ತದೆ. ಒತ್ತಡವನ್ನು ಫ್ಯಾನಿನಿಂದ ಹಿಡಿಯಿರಿ. ಫ್ಯಾನಿನ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಎರಡು ಫ್ಯಾನುಗಳನ್ನು ಅರ್ಧ ವೇಗದಲ್ಲಿ ಓಡಿಸಿದರೆ, ಒಂದನ್ನು ಪೂರ್ಣ ಓಡಿಸಿ ಇನ್ನೊಂದನ್ನು ನಿಲ್ಲಿಸುವುದಕ್ಕೆ ಹೋಲಿಸಿದಾಗ, ಅಷ್ಟೇ ಗಾಳಿಗೆ ಕಾಲು ಭಾಗ ವಿದ್ಯುತ್ತು ಸಾಕು. ವಿಎಫ್‌ಡಿಯನ್ನು ಒಂದಕ್ಕೆ ಮಾತ್ರ ಹಾಕಿಸಿ ಉಳಿದವನ್ನು ಆನ್-ಆಫ್ ಬಿಟ್ಟರೆ ಈ ಲಾಭ ಸಿಗದು.

ಪ್ರಶ್ನೆ: ಎಷ್ಟರವರೆಗೆ ಇಳಿಸಬಹುದು? ಕಂಟ್ರೋಲರಿಗೆ ಯಾವ ಸಂಖ್ಯೆ ಕೊಡಲಿ?

ಉತ್ತರ: ಒಂದೇ ಸಂಖ್ಯೆ ಕೊಡಬೇಡಿ. ವೆಟ್ ಬಲ್ಬ್‌ಗೆ ಇಂತಿಷ್ಟು ಡಿಗ್ರಿ ಸೇರಿಸಿ ಸೆಟ್ ಪಾಯಿಂಟ್ ತಾನೇ ಏರಿಳಿಯಲಿ, ಆರಂಭಕ್ಕೆ 8 ಡಿಗ್ರಿ ಇಟ್ಟು ನೋಡಬಹುದು. ಕೆಳಗೆ ಒಂದು ನೆಲೆ ಇರಲಿ. ಆ ನೆಲೆಯನ್ನು ಒಮ್ಮೆಗೆ 0.3 ಬಾರ್‌ನಂತೆ ಇಳಿಸಿ ಒಂದು ವಾರ ನೋಡಿ. ಕಂಪ್ರೆಸರ್ ಮತ್ತು ಫ್ಯಾನಿನ ಕಿಲೋವಾಟ್, ಸಕ್ಷನ್ ಒತ್ತಡ, ವೆಟ್ ಬಲ್ಬ್, ಕೋಣೆಗಳ ತಾಪಮಾನ, ಎಣ್ಣೆಯ ಲೆವೆಲ್ ಬರೆದಿಡಿ. ಹೋಲಿಸುವಾಗ ವೆಟ್ ಬಲ್ಬ್ ಮತ್ತು ಲೋಡ್ ಒಂದೇ ಇದ್ದ ದಿನಗಳನ್ನು ಹೋಲಿಸಿ, ಹಿಂದಿನ ತಿಂಗಳ ಬಿಲ್ಲಿನ ಜೊತೆಗಲ್ಲ. ಯಾವುದೋ ಒಂದು ಭಾಗ ತಕರಾರು ತೆಗೆದಾಗ ನಿಂತು, ಅದನ್ನು ಸರಿಪಡಿಸಿ ಮುಂದುವರಿಯಿರಿ. ಕಂಪ್ರೆಸರಿನಲ್ಲಿ ಉಳಿಯುವುದಕ್ಕಿಂತ ಫ್ಯಾನ್ ಹೆಚ್ಚು ತಿನ್ನಲು ಶುರು ಮಾಡಿದರೆ ಸೇರಿಸುವ ಡಿಗ್ರಿ ಕಡಿಮೆಯಾಯಿತು ಎಂದರ್ಥ. ಒಂದು ಡಿಗ್ರಿ ಏರಿಸಿ.

ತೇವಾಂಶದ ಸೆನ್ಸರನ್ನು ನೆರಳಿನಲ್ಲಿ, ಕಂಡೆನ್ಸರ್ ಉಗುಳುವ ಗಾಳಿ ತಾಗದ ಕಡೆ ಕೂರಿಸಿ. ವರ್ಷ ಕಳೆದಂತೆ ಅದರ ಲೆಕ್ಕ ತಪ್ಪುತ್ತದೆ. ವೆಟ್ ಬಲ್ಬ್ ಎರಡು ಡಿಗ್ರಿ ಕಡಿಮೆ ತೋರಿಸುವ ಸೆನ್ಸರ್, ಎಂದೂ ಮುಟ್ಟಲಾಗದ ಒತ್ತಡವನ್ನು ಬೆನ್ನಟ್ಟಲು ಹೇಳಿ ಫ್ಯಾನುಗಳನ್ನು ಹಗಲಿರುಳು ಪೂರ್ಣ ವೇಗದಲ್ಲಿ ಓಡಿಸುತ್ತದೆ. ಒದ್ದೆ ಬತ್ತಿಯ ಸಾದಾ ಥರ್ಮಾಮೀಟರನ್ನು ಗಾಳಿಗೆ ಬೀಸಿ ಮೂರು ತಿಂಗಳಿಗೊಮ್ಮೆ ತಾಳೆ ನೋಡಿ.